ಈ ತಿಂಗಳು ಎಷ್ಟು ಮಳೆ? ಗ್ರೂಪಲ್ಲೊಂದು ಹವಾಮಾನ ಪಂದ್ಯ ನಡೆಸೋದು ಹೇಗೆ

ಮೇ ಕೊನೆ ವಾರ ಬಂತು ಅಂದ್ರೆ ಎಲ್ಲಾ ಫ್ಯಾಮಿಲಿ ಗ್ರೂಪಲ್ಲೂ ಒಬ್ರು ದೊಡ್ಡಪ್ಪ ಶುರು ಹಚ್ಕೋತಾರೆ, ಈ ಸಲ ಮಳೆ ಕೈಕೊಡುತ್ತೆ ಬರೆದಿಟ್ಕೊಳ್ಳಿ ಅಂತ. ಕೈಕೊಟ್ರೆ ನಾನ್ ಹೇಳಿರ್ಲಿಲ್ವಾ ಅಂತಾರೆ, ಚೆನ್ನಾಗ್ ಬಂದ್ರೆ ಆ ವಿಷ್ಯಾನೇ ಎತ್ತಲ್ಲ. ಯಾರೂ ಬರೆದಿಟ್ಕೊಂಡಿರಲ್ವಲ್ಲ. ಬರೆದಿಟ್ಕೊಳ್ಳೋ ಆಟಾನೇ ಇದು. ತಿಂಗಳು ಶುರುವಾಗೋಕೆ ಮುಂಚೆ ಎಲ್ಲರೂ ಒಂದೊಂದು ನಂಬರ್ ಕೊಡೋದು, ತಿಂಗಳು ಮುಗಿದ್ಮೇಲೆ ಹವಾಮಾನ ಇಲಾಖೆ ಲೆಕ್ಕದ ಜೊತೆ ಹೋಲಿಸಿ ಯಾರು ಹತ್ರ ಬಂದ್ರು ನೋಡೋದು. ಬೇಕಾಗಿರೋದು ಒಂದು ವಾಟ್ಸಾಪ್ ಗ್ರೂಪು, ಒಂದು ಗೂಗಲ್ ಫಾರ್ಮ್, ಒಂದು ಶೀಟು, ಮತ್ತೆ ಬೈಸ್ಕೊಳ್ಳೋಕೆ ರೆಡಿ ಇರೋ ಒಬ್ಬ ಅಡ್ಮಿನ್. ಆದ್ರೆ ರೂಲ್ಸು ಸರಿಯಾಗಿ ಹಾಕ್ಲಿಲ್ಲ ಅಂದ್ರೆ ಮೊದಲನೇ ತಿಂಗಳೇ ಜಗಳ ಆಗುತ್ತೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲ ಕೆಲ್ಸ, ಯಾವ ಜಾಗದ ಮಳೆ ಅಂತ ಫಿಕ್ಸ್ ಮಾಡಿ. "ಬೆಂಗಳೂರು" ಅಂದ್ರೆ ಸಾಕಾಗಲ್ಲ ಸ್ವಾಮಿ. ಹವಾಮಾನ ಇಲಾಖೆ ರಿಪೋರ್ಟಲ್ಲೇ ಬೆಂಗಳೂರು ಸಿಟಿ ಬೇರೆ, ಎಚ್‌ಎಎಲ್ ಏರ್‌ಪೋರ್ಟ್ ಬೇರೆ, ದೇವನಹಳ್ಳಿ ಏರ್‌ಪೋರ್ಟ್ ಬೇರೆ, ಒಂದೇ ದಿನ ಒಂದ್ಕಡೆ ಧೋ ಅಂತ ಸುರಿದು ಇನ್ನೊಂದ್ಕಡೆ ರಸ್ತೆ ಕೂಡ ಒದ್ದೆ ಆಗಿರಲ್ಲ. 2024ರ ಅಕ್ಟೋಬರಲ್ಲಿ ಯಲಹಂಕದ ಅಪಾರ್ಟ್‌ಮೆಂಟಲ್ಲಿ ಜನರನ್ನ ದೋಣಿಲಿ ಕರ್ಕೊಂಡ್ ಬಂದ್ರಲ್ಲ, ಅಂಥ ಹೊತ್ತಲ್ಲಿ ಯಲಹಂಕದವ್ರು "ಇಷ್ಟು ಮಳೆ ಬಂದಿದೆ, ಶೀಟಲ್ಲಿ ಇಷ್ಟು ಕಮ್ಮಿ ಹೆಂಗ್ರೀ?" ಅಂತ ಕೇಳೇ ಕೇಳ್ತಾರೆ. ನಮ್ಮನೆ ಮುಂದೆ ಬಂದಿದ್ದು ಲೆಕ್ಕಕ್ಕಿಲ್ಲ, ಮಾಪಕದ ಬಾಯಿಗೆ ಬಿದ್ದಿದ್ದಷ್ಟೇ ಲೆಕ್ಕ. ಸಿಟಿ ವೀಕ್ಷಣಾಲಯ ಅಂದ್ರೆ ಸಿಟಿ ವೀಕ್ಷಣಾಲಯ, ಇದನ್ನ ಫಾರ್ಮಿನ ಮೊದಲನೇ ಸಾಲಲ್ಲೇ ಹಾಕಿ.

ಗ್ರೂಪಲ್ಲಿ ಊರೂರಿನವ್ರು ಇದ್ರೆ ಎರಡು ಮೂರು ಕೇಂದ್ರ ಇಟ್ಕೊಂಡ್ರೆ ಮಜಾ ಜಾಸ್ತಿ, ಬೆಂಗಳೂರು ಒಂದು, ಮಂಗಳೂರೋ ಕಾರವಾರಾನೋ ಒಂದು, ಬಯಲುಸೀಮೆಗೆ ರಾಯಚೂರೋ ವಿಜಯಪುರಾನೋ ಒಂದು. ಮೂರಕ್ಕಿಂತ ಜಾಸ್ತಿ ಬೇಡ, ಫಾರ್ಮ್ ಉದ್ದ ಆದಷ್ಟೂ ತುಂಬೋರು ಕಮ್ಮಿ ಆಗ್ತಾರೆ. ಆಗುಂಬೆ ಹಾಕೋಣ ಅಂತ ಯಾರೋ ಒಬ್ರು ಹೇಳೇ ಹೇಳ್ತಾರೆ. ಹಾಕ್ಬೋದು, ಆದ್ರೆ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಬಂದಿರೋ ಜಾಗ ಅದು, ಅಲ್ಲಿ 500 ಮಿಮೀ ಆಚೀಚೆ ಆಗೋದು ಏನೂ ದೊಡ್ಡದಲ್ಲ, ಹೊಸಬರು ಕಂಗಾಲಾಗ್ತಾರೆ.

ಎರಡನೇದು, ಯಾರ ಲೆಕ್ಕ ನಂಬೋದು. ಹವಾಮಾನ ಇಲಾಖೆದು ಇದೆ, ನಮ್ಮ ರಾಜ್ಯದ್ದೇ ಆದ ಕೆಎಸ್‌ಎನ್‌ಡಿಎಂಸಿದು, ಅಂದ್ರೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ಇದೆ. ಎರಡನೇವ್ರ ಹತ್ರ ಗ್ರಾಮ ಪಂಚಾಯ್ತಿ ಮಟ್ಟದ ತನಕ ಮಳೆಮಾಪಕ ಇದೆ, 15 ನಿಮಿಷಕ್ಕೊಂದ್ಸಲ ಲೆಕ್ಕ ತಾನಾಗೇ ಯಲಹಂಕದ ಆಫೀಸಿಗೆ ಹೋಗುತ್ತೆ, ಹಾಗಾಗಿ ನಿಮ್ಮ ಪಂದ್ಯ ಒಂದು ಹೋಬಳಿಗೋ ಪಂಚಾಯ್ತಿಗೋ ಸೀಮಿತ ಆಗಿದ್ರೆ ಅದೇ ಬೆಸ್ಟು. ಸಿಟಿ ಲೆವೆಲ್ಲಿಗೆ ಹವಾಮಾನ ಇಲಾಖೆದು ಇಟ್ಕೊಳ್ಳಿ, ಯಾಕಂದ್ರೆ ಅಲ್ಲಿ ನೂರು ವರ್ಷಕ್ಕಿಂತ ಹಳೇ ದಾಖಲೆ ಸಿಗುತ್ತೆ, ಹೋಲಿಸೋಕೆ ಚೆನ್ನಾಗಿರುತ್ತೆ. ಯಾವ್ದೇ ಆಗ್ಲಿ ಒಂದನ್ನ ಹಿಡ್ಕೊಂಡ್ಮೇಲೆ ಮಧ್ಯದಲ್ಲಿ ಬದಲಾಯಿಸ್ಬೇಡಿ. ಮತ್ತೆ ಮೊಬೈಲಲ್ಲಿ ಬರೋ ವೆದರ್ ಆ್ಯಪ್ ಸ್ಕ್ರೀನ್‌ಶಾಟ್ ಸಾಕ್ಷಿ ಅಂತ ತರೋರನ್ನ ಶುರುವಲ್ಲೇ ತಡೀರಿ. ಆ ಆ್ಯಪ್‌ಗಳಲ್ಲಿ ಬರೋದು ಬಹಳಷ್ಟು ಸಲ ಅಳತೆ ಮಾಡಿದ ಮಳೆ ಅಲ್ಲ, ಕಂಪ್ಯೂಟರ್ ಅಂದಾಜು.

ಮೂರನೇದು ಎಲ್ಲಕ್ಕಿಂತ ಮುಖ್ಯ, ಬೆಳಗ್ಗೆ ಎಂಟೂವರೆ. ನಮ್ಮ ದೇಶದಲ್ಲಿ ಮಳೆ ಲೆಕ್ಕಕ್ಕೆ ಒಂದು ದಿನ ಅಂದ್ರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ ಅಲ್ಲ. ಬೆಳಗ್ಗೆ 8:30ರಿಂದ ಮಾರನೇ ದಿನ ಬೆಳಗ್ಗೆ 8:30ರ ತನಕ, ಬಂದ ಮಳೆನ ಅಳತೆ ಮಾಡಿದ ದಿನದ ತಾರೀಕಿಗೆ ಬರ್ಕೋತಾರೆ. ಅಂದ್ರೆ ಜೂನ್ 30ರ ರಾತ್ರಿ ಎಷ್ಟೇ ಸುರಿದ್ರೂ ಅದು ಜುಲೈ 1ರ ಖಾತೆಗೆ ಹೋಗುತ್ತೆ. ಮೇ 31ರ ಸಂಜೆ ಬಂದಿದ್ದು ಜೂನಿಗೆ ಬರುತ್ತೆ. ಬೆಂಗಳೂರಲ್ಲಿ ಬೇಸಿಗೆ ಮಳೆ ಬರೋದೇ ಸಂಜೆ ರಾತ್ರಿ ಹೊತ್ತು, ಹಾಗಾಗಿ ಇದು ಸುಮ್ನೆ ಟೆಕ್ನಿಕಲ್ ಮಾತಲ್ಲ. 2024ರ ಜೂನ್ 2, ಭಾನುವಾರ ಸಂಜೆ ಬೆಂಗಳೂರಲ್ಲಿ 111.1 ಮಿಮೀ ಸುರಿದು 1891ರ ಜೂನ್ ದಾಖಲೆ ಮುರೀತಲ್ಲ, ಪೇಪರಲ್ಲಿ 2ನೇ ತಾರೀಕಿನ ಮಳೆ ಅಂತಾನೇ ಬಂತು, ಎಂಟೂವರೆ ಲೆಕ್ಕಕ್ಕೆ ಹೋದ್ರೆ 3ಕ್ಕೆ ಸೇರುತ್ತೆ. "ಅತಿ ಹೆಚ್ಚು ಮಳೆ ಬರೋ ದಿನ ಯಾವ್ದು" ಅಂತ ಪ್ರಶ್ನೆ ಇಟ್ಟಿದ್ರೆ ಅಲ್ಲೇ ಕುಸ್ತಿ. ರೂಲ್ಸಲ್ಲಿ ದಪ್ಪಕ್ಷರದಲ್ಲಿ ಹಾಕ್ಬಿಡಿ.

ಇನ್ನು ಪ್ರಶ್ನೆಗಳು. ನಾಲ್ಕು ಸಾಕು. ತಿಂಗಳಿನ ಒಟ್ಟು ಮಳೆ ಎಷ್ಟು ಮಿಮೀ, ಮಳೆ ದಿನ ಎಷ್ಟು, ಅತಿ ಹೆಚ್ಚು ಉಷ್ಣಾಂಶ ಎಷ್ಟು, ಒಂದೇ ದಿನದಲ್ಲಿ ಅತಿ ಹೆಚ್ಚು ಮಳೆ ಯಾವ ತಾರೀಕು. ಮಳೆ ದಿನ ಅಂದ್ರೆ ನಾಲ್ಕು ಹನಿ ಬಿದ್ದ ದಿನ ಅಲ್ಲ, ಇಲಾಖೆ ಲೆಕ್ಕದಲ್ಲಿ 2.5 ಮಿಮೀ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಮಾತ್ರ ಮಳೆ ದಿನ. ಇಡೀ ದಿನ ಜಿಟಿಜಿಟಿ ಅಂತ ಬಟ್ಟೆ ಒಣಗದೆ ಇದ್ರೂ 2 ಮಿಮೀ ಬಂದಿದ್ರೆ ಅದು ಮಳೆ ದಿನ ಅಲ್ಲ, ಗೃಹಿಣಿಯರು ಇದನ್ನ ಒಪ್ಪಲ್ಲ, ಆದ್ರೆ ರೂಲ್ಸು ರೂಲ್ಸೇ. ಚಳಿಗಾಲದಲ್ಲಿ ಹೆಚ್ಚು ಉಷ್ಣಾಂಶದ ಬದ್ಲು ಕನಿಷ್ಠ ಉಷ್ಣಾಂಶ ಕೇಳಿ. ಬೆಂಗಳೂರಿನ ದಾಖಲೆ 1884ರ ಜನವರಿ 13ರ 7.8 ಡಿಗ್ರಿ, ಯಾರಾದ್ರೂ 7 ಅಂತ ಹಾಕಿದ್ರೆ ಪಾಪ ಅವ್ರಿಗೆ ಮೊದಲೇ ಹೇಳ್ಬಿಡಿ. ಹಾಗೇ ಬೇಸಿಗೆಲಿ 42 ಅಂತ ಹಾಕೋರಿಗೂ, ಏಪ್ರಿಲ್ ದಾಖಲೇನೇ 2016ರ 39.2.

ಜೂನಿಗೆ ಮಾತ್ರ ಒಂದು ಬೋನಸ್ ಪ್ರಶ್ನೆ ಇಡ್ಬೋದು, ಕೇರಳಕ್ಕೆ ಮುಂಗಾರು ಯಾವತ್ತು ಕಾಲಿಡುತ್ತೆ ಅಂತ. ಮಾಮೂಲಿ ದಿನ ಜೂನ್ 1, ಆದ್ರೆ 2023ರಲ್ಲಿ ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಬಂದ್ಬಿಡ್ತು. ಹಾಗಾಗಿ ಈ ಪ್ರಶ್ನೆನ ಮೇ 10ರೊಳಗೇ ಕ್ಲೋಸ್ ಮಾಡ್ಬೇಕು, ಆ ದಿನ ಆದ್ಮೇಲೇನೇ ಇಲಾಖೆ ಗಮನಿಸೋಕೆ ಶುರು ಮಾಡೋದು. 14 ಕೇಂದ್ರ ಇಟ್ಕೊಂಡಿದಾರೆ, ಅದ್ರಲ್ಲಿ ನಮ್ಮ ಮಂಗಳೂರೂ ಒಂದು, ಶೇಕಡಾ 60ರಷ್ಟು ಕೇಂದ್ರದಲ್ಲಿ ಸತತ ಎರಡು ದಿನ 2.5 ಮಿಮೀ ಆದ್ರೂ ಬರ್ಬೇಕು, ಅದ್ರ ಜೊತೆ ಗಾಳಿ ಮತ್ತೆ ಮೋಡದ ಲೆಕ್ಕಾನೂ ಕೂಡ್ಬೇಕು, ಆಗ ಮುಂಗಾರು ಬಂತು ಅಂತ ಘೋಷಣೆ. ಇಲಾಖೆಯವ್ರೇ ತಮ್ಮ ಮುನ್ಸೂಚನೆಲಿ 4 ದಿನ ಆಚೀಚೆ ಆಗ್ಬೋದು ಅಂತ ಹೇಳಿರ್ತಾರೆ, ನೀವೂ ಅಷ್ಟು ವಿನಾಯ್ತಿ ಕೊಡಿ.

ಫಾರ್ಮ್ ಕ್ಲೋಸ್ ಆಗೋ ಟೈಮು ಹಿಂದಿನ ತಿಂಗಳ ಕೊನೇ ದಿನ ರಾತ್ರಿ 9 ಗಂಟೆ. ಅದಾದ್ಮೇಲೆ "ಅಯ್ಯೋ ಮರ್ತೋಗಿದ್ದೆ ಕಣೋ, ಒಂದು ನಂಬರ್ ಹಾಕ್ಕೊ" ಅಂತ ಸ್ವಂತ ತಂಗಿ ಫೋನ್ ಮಾಡಿದ್ರೂ ಇಲ್ಲ ಅನ್ನಿ. ಉತ್ತರ ಗ್ರೂಪಲ್ಲೇ ಮೆಸೇಜ್ ಮಾಡೋಕೆ ಬಿಡ್ಬೇಡಿ, ಮೊದಲನೇವ್ರು 120 ಅಂದ್ರೆ ಮಿಕ್ಕವ್ರೆಲ್ಲ 115, 125, 130 ಅಂತ ಅದ್ರ ಸುತ್ತಾನೇ ಹಾಕ್ತಾರೆ. ಫಾರ್ಮಲ್ಲೇ ಬರ್ಲಿ, ಕ್ಲೋಸ್ ಆದ ತಕ್ಷಣ ಪೂರ್ತಿ ಶೀಟನ್ನ ಗ್ರೂಪಿಗೆ ಹಾಕಿ, ಆಮೇಲೆ ಅಡ್ಮಿನ್ ಏನೋ ತಿದ್ದಿದ ಅನ್ನೋ ಮಾತೇ ಬರಲ್ಲ.

ಈಗ ಮಾರ್ಕ್ಸು. ತುಂಬಾ ಜನ ಇಲ್ಲೇ ಎಡವೋದು. ಬರೀ ಎಷ್ಟು ಮಿಮೀ ವ್ಯತ್ಯಾಸ ಅಂತ ನೋಡಿದ್ರೆ ಮಂಗಳೂರಲ್ಲಿ ಆದ ತಪ್ಪು ರಾಯಚೂರಿನ ಎಲ್ಲಾ ಮಾರ್ಕ್ಸನ್ನೂ ನುಂಗ್ಬಿಡುತ್ತೆ, ಜುಲೈ ಒಂದೇ ತಿಂಗಳಲ್ಲಿ ಮಂಗಳೂರಿಗೆ ಬರೋ ಮಳೆ ಹೆಚ್ಚುಕಮ್ಮಿ ಬೆಂಗಳೂರಿಗೆ ಒಂದು ವರ್ಷಕ್ಕೆ ಬರೋಷ್ಟಿರುತ್ತೆ. ಅದಕ್ಕೆ ಶೇಕಡಾವಾರು ಲೆಕ್ಕ ಬೇಕು. ಆದ್ರೆ ಯಾವುದ್ರ ಶೇಕಡಾ? ಬಂದ ಮಳೆಯಿಂದ ಭಾಗಿಸ್ತೀನಿ ಅಂತ ಹೋದ್ರೆ 2024ರ ಏಪ್ರಿಲ್ ಥರ ತಿಂಗಳಲ್ಲಿ ಸಿಕ್ಕಾಕೋತೀರ, ಬೆಂಗಳೂರು ಸಿಟಿ ಕೇಂದ್ರದಲ್ಲಿ ಆ ಇಡೀ ತಿಂಗಳು ಮಳೆ ಸೊನ್ನೆ. ಸೊನ್ನೆಯಿಂದ ಭಾಗಿಸಿದ್ರೆ ಶೀಟು ಕೆಂಪಗೆ ಎರರ್ ಕೊಡುತ್ತೆ ಅಷ್ಟೆ. ಹಾಗಾಗಿ ವಾಡಿಕೆ ಮಳೆಯಿಂದ, ಅಂದ್ರೆ ಆ ತಿಂಗಳಿನ ಹಲವು ವರ್ಷಗಳ ಸರಾಸರಿಯಿಂದ ಭಾಗಿಸಿ. ನೀವು ಹೇಳಿದ್ದು ಬಂದಿದ್ದು ಎರಡರ ವ್ಯತ್ಯಾಸ, ಅದನ್ನ ವಾಡಿಕೆಯಿಂದ ಭಾಗಿಸಿ 100ರಿಂದ ಗುಣಿಸಿ, ಬಂದಿದ್ದನ್ನ 100ರಲ್ಲಿ ಕಳೀರಿ, ಸೊನ್ನೆಗಿಂತ ಕೆಳಗೆ ಹೋದ್ರೆ ಸೊನ್ನೆ. ಬೆಂಗಳೂರಿಗೆ ಜೂನ್ ವಾಡಿಕೆ ಸುಮಾರು 110 ಮಿಮೀ, ನೀವು 150 ಅಂದ್ರಿ, ಬಂದಿದ್ದು 95, ವ್ಯತ್ಯಾಸ 55, ವಾಡಿಕೆಯ ಅರ್ಧ, ಅಲ್ಲಿಗೆ 50 ಮಾರ್ಕ್ಸು. ಏಪ್ರಿಲ್ ವಾಡಿಕೆ ಸುಮಾರು 60, ಒಬ್ರು 20 ಅಂದ್ರು, ಬಂದಿದ್ದು ಸೊನ್ನೆ, ಅವ್ರಿಗೆ 67. ಮಿಕ್ಕಿದ್ದು ಸುಲಭ, ಮಳೆ ದಿನದಲ್ಲಿ ಒಂದು ದಿನ ತಪ್ಪಿದ್ರೆ 10 ಕಟ್, ಉಷ್ಣಾಂಶದಲ್ಲಿ ಒಂದು ಡಿಗ್ರಿ ತಪ್ಪಿದ್ರೆ 20 ಕಟ್, ತಾರೀಕು ಕರೆಕ್ಟಾಗಿ ಹೇಳಿದ್ರೆ 50, ಒಂದು ದಿನ ಆಚೀಚೆ ಆದ್ರೆ 25. ತಾರೀಕಿನ ಪ್ರಶ್ನೆಗೆ ಇದಕ್ಕಿಂತ ಜಾಸ್ತಿ ಕೊಡ್ಬೇಡಿ, ಅದು ಪಕ್ಕಾ ಲಾಟರಿ.

ವಾಡಿಕೆ ಅಂದೆ, ಅದೂ ಯಾವ ವರ್ಷಗಳ ಸರಾಸರಿ ಅಂತ ಫಿಕ್ಸ್ ಮಾಡ್ಬೇಕು. 1991ರಿಂದ 2020ರ 30 ವರ್ಷದ್ದು ಇಟ್ಕೊಂಡ್ರೆ ಸಾಕು. ಇಲಾಖೆ ಇಡೀ ದೇಶದ ಮುಂಗಾರಿಗೆ 1971ರಿಂದ 2020ರ ಸರಾಸರಿ ಬಳಸುತ್ತೆ, ಜೂನಿಂದ ಸೆಪ್ಟೆಂಬರಿಗೆ 87 ಸೆಂಟಿಮೀಟರು. ಎರಡನ್ನೂ ಕಲಸ್ಬೇಡಿ.

ಈಗ ನನಗೆ ಇಷ್ಟವಾದ ಭಾಗ. ಶೀಟಲ್ಲಿ ಒಬ್ಬ ಡಮ್ಮಿ ಆಟಗಾರನ್ನ ಸೇರಿಸಿ, ಹೆಸರು ವಾಡಿಕಪ್ಪ. ಅವ್ನು ಪ್ರತಿ ತಿಂಗಳೂ ತಲೆನೇ ಓಡಿಸದೆ ವಾಡಿಕೆ ನಂಬರನ್ನೇ ಹಾಕ್ತಾನೆ, ಜೂನಿಗೆ 110, ಮೇಗೆ 128, ಅಕ್ಟೋಬರಿಗೆ 186. ಒಂದೊಂದು ತಿಂಗಳು ಮಣ್ಣು ಮುಕ್ತಾನೆ, ಬೆಂಗಳೂರಲ್ಲಿ 2023ರ ಮೇ ಆಗ್ಲಿ 2025ರ ಮೇ ಆಗ್ಲಿ 300 ಮಿಮೀ ದಾಟಿದ್ದಾಗ ಅವ್ನಿಗೆ ಸೊನ್ನೆ ಬೀಳ್ತಿತ್ತು. ಆದ್ರೆ ವರ್ಷದ ಕೊನೆಗೆ ಟೇಬಲ್ ನೋಡಿ, ಗ್ರೂಪಿನ ಮುಕ್ಕಾಲು ಜನ ವಾಡಿಕಪ್ಪನ ಕೆಳಗಿರ್ತಾರೆ. ಅಪ್ಪಟ ಹವಾಮಾನ ತಜ್ಞರೂ ತಮ್ಮ ಮಾಡೆಲ್ (ಮಳೆ ಅಂದಾಜು ಮಾಡೋ ಕಂಪ್ಯೂಟರ್ ಲೆಕ್ಕ) ಸರಿ ಇದ್ಯಾ ಅಂತ ನೋಡೋದೇ ಹೀಗೆ, ಸುಮ್ನೆ ಸರಾಸರಿ ಹೇಳಿದ್ದಕ್ಕಿಂತ ಇದು ಮೇಲಾ ಅಂತ. ಹಾಗಾಗಿ ನಿಮ್ಮ ಪಂದ್ಯದಲ್ಲಿ ಗೆದ್ದವ್ರು ಯಾರು ಅನ್ನೋದಕ್ಕಿಂತ ವಾಡಿಕಪ್ಪನ್ನ ಸೋಲಿಸಿದವ್ರು ಯಾರು ಅನ್ನೋದನ್ನ ಬೇರೆ ಬಣ್ಣದಲ್ಲಿ ತೋರ್ಸಿ, ದೊಡ್ಡಪ್ಪಂದಿರ ಮಾತು ತಾನಾಗೇ ಕಮ್ಮಿ ಆಗುತ್ತೆ. ಇನ್ನೊಬ್ಬ ಡಮ್ಮಿನೂ ಇರ್ಲಿ, ಗುಂಪಣ್ಣ, ಎಲ್ಲರ ಉತ್ತರದ ಸರಾಸರಿನೇ ಅವ್ನ ಉತ್ತರ. ಜಾಸ್ತಿ ಹೇಳಿದವ್ರ ತಪ್ಪು ಕಮ್ಮಿ ಹೇಳಿದವ್ರ ತಪ್ಪು ಒಂದಕ್ಕೊಂದು ವಜಾ ಆಗಿ ಇವ್ನೂ ಮೇಲ್ಗಡೇನೇ ಇರ್ತಾನೆ, ಇದನ್ನ ನೋಡಿದ್ರೆ ಬುದ್ಧಿವಂತರಿಗೆ ಸಿಟ್ಟು ಬರುತ್ತೆ.

ಸರಿ, ಆಡೋರು ನಂಬರ್ ಹಾಕೋದು ಹೆಂಗೆ? ವಾಡಿಕೆಯಿಂದ ಶುರು ಮಾಡಿ, ಆಮೇಲೆ ಸ್ವಲ್ಪ ಇಳಿಸಿ. ಯಾಕೆ ಇಳಿಸ್ಬೇಕು ಅಂದ್ರೆ ಮಳೆ ಸರಾಸರಿನ ಒಂದೋ ಎರಡೋ ಹುಚ್ಚು ವರ್ಷಗಳು ಮೇಲಕ್ಕೆ ಎಳೆದಿರ್ತವೆ. ಬೆಂಗಳೂರಿನ ಅಕ್ಟೋಬರನ್ನೇ ತಗೊಳ್ಳಿ, ಸರಾಸರಿ ಸುಮಾರು 186, ಆದ್ರೆ ಅದ್ರಲ್ಲಿ 2005ರ ಅಕ್ಟೋಬರ್ ಕೂತಿದೆ, ಆ ಒಂದು ತಿಂಗಳಲ್ಲೇ 605 ಮಿಮೀ. ಅದೊಂದನ್ನ ಪಕ್ಕಕ್ಕಿಟ್ಟು ಉಳಿದ 29 ವರ್ಷದ ಸರಾಸರಿ ತೆಗೆದ್ರೆ 172ರ ಹತ್ರ ಬರುತ್ತೆ. ಮಳೆ ಎಷ್ಟು ಬೇಕಾದ್ರೂ ಮೇಲಕ್ಕೆ ಹೋಗ್ಬೋದು, ಆದ್ರೆ ಸೊನ್ನೆಗಿಂತ ಕೆಳಗೆ ಹೋಗಲ್ಲ, ಅದಕ್ಕೇ ಅರ್ಧಕ್ಕಿಂತ ಜಾಸ್ತಿ ವರ್ಷಗಳು ಸರಾಸರಿಗಿಂತ ಕೆಳಗೇ ಇರ್ತವೆ.

ಆಮೇಲೆ ಮೊದಲ ಹತ್ತು ದಿನಕ್ಕೆ ಮಾಡೆಲ್ ನೋಡಿ. ವಿಂಡಿ ಆ್ಯಪಲ್ಲಿ ಯುರೋಪಿನವ್ರದ್ದು ಅಮೆರಿಕದವ್ರದ್ದು ಎರಡೂ ಫ್ರೀಯಾಗಿ ಸಿಗುತ್ತೆ. ಎರಡೂ ಒಂದೇ ಮಾತು ಹೇಳ್ತಿದ್ರೆ ನಂಬಿ, ಒಂದು 20 ಇನ್ನೊಂದು 90 ಅಂತಿದ್ರೆ ಇಬ್ಬರನ್ನೂ ನಂಬ್ಬೇಡಿ. ಹತ್ತು ಹನ್ನೆರಡು ದಿನ ಆದ್ಮೇಲೆ ಅವ್ರು ತೋರ್ಸೋದು ನೋಡೋಕೆ ಬಣ್ಣ ಬಣ್ಣವಾಗಿರುತ್ತೆ ಅಷ್ಟೆ, ದಿನಾ ಬದಲಾಗ್ತಿರುತ್ತೆ. ಜೂನಿಗೆ ಮೊದಲ ಹತ್ತು ದಿನ 50 ಮಿಮೀ ಅಂತ ಕಂಡ್ರೆ ಮಿಕ್ಕ ಇಪ್ಪತ್ತು ದಿನಕ್ಕೆ ವಾಡಿಕೆಯ ಮೂರರಲ್ಲಿ ಎರಡು ಭಾಗ, 73 ಸೇರಿಸಿ, 123 ಆಯ್ತು, ಆಗ್ಲೇ ಹೇಳಿದ ಹಾಗೆ ಸ್ವಲ್ಪ ಇಳಿಸಿ 115 ಹಾಕಿ. ಇಷ್ಟೇ ವಿದ್ಯೆ.

ಎಲ್ ನಿನೋ ವರ್ಷನಾ, ಅಂದ್ರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸೊರಗೋ ಸಾಧ್ಯತೆ ಇರೋ ವರ್ಷನಾ ಅಂತ ನೋಡೋದು ಒಳ್ಳೇದೇ, ಆದ್ರೆ ಅದನ್ನ ಒಂದು ಊರಿನ ಒಂದು ತಿಂಗಳಿಗೆ ಜಾಸ್ತಿ ಎಳೀಬೇಡಿ. 2023 ಎಲ್ ನಿನೋ, ಆ ಆಗಸ್ಟು 1901ರಿಂದ ಈಚೆಗೆ ಇಡೀ ದೇಶಕ್ಕೇ ಅತಿ ಒಣ ಆಗಸ್ಟು, ರಾಜ್ಯದ 236 ತಾಲೂಕಲ್ಲಿ 223ನ್ನ ಬರಪೀಡಿತ ಅಂತ ಘೋಷಿಸಿದ್ರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಮಳೆ ರೆಕಾರ್ಡು! ಇಲಾಖೆ ಪ್ರತಿ ತಿಂಗಳ ಕೊನೆಗೆ ಮುಂದಿನ ತಿಂಗಳ ಮುನ್ಸೂಚನೆ ಬಿಡುತ್ತೆ, ಅದ್ರಲ್ಲಿ ಯಾವ ಭಾಗಕ್ಕೆ ವಾಡಿಕೆಗಿಂತ ಜಾಸ್ತಿ ಎಲ್ಲಿ ಕಮ್ಮಿ ಅಂತ ನಕ್ಷೆ ಇರುತ್ತೆ, ಫಾರ್ಮ್ ಕ್ಲೋಸ್ ಆಗೋಕೆ ಮುಂಚೆ ಅದನ್ನೊಂದು ಸಲ ನೋಡಿ ನಿಮ್ಮ ನಂಬರನ್ನ ಹತ್ತೋ ಹದಿನೈದೋ ಶೇಕಡಾ ಆಚೀಚೆ ಮಾಡ್ಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಗುಟ್ಟು ಹೇಳ್ತೀನಿ, ಇದು ಬೆಂಗಳೂರು ಮೈಸೂರು ಕಡೆಯವ್ರಿಗೆ. ಕರಾವಳಿಲಿ ರೆಡ್ ಅಲರ್ಟು, ಶಾಲೆಗೆ ರಜೆ, ಘಾಟಿಲಿ ಗುಡ್ಡ ಕುಸೀತು ಅಂತ ಟೀವಿಲಿ ನೋಡಿ ಬೆಂಗಳೂರಿಗೂ 250 ಹಾಕೋರು ಸೋಲ್ತಾರೆ. ಮುಂಗಾರು ಗಾಳಿ ಜೋರಾಗಿದ್ದಾಗ ಮಳೆಯೆಲ್ಲ ಘಟ್ಟದ ಆ ಕಡೇನೇ ಇಳಿದ್ಬಿಡುತ್ತೆ, ಈ ಕಡೆಗೆ ಬರೋದು ಮೋಡ, ತಣ್ಣನೆ ಗಾಳಿ, ತುಂತುರು, ದಿನಕ್ಕೆ 3 ಮಿಮೀ. ಬೆಂಗಳೂರಿನ ದೊಡ್ಡ ಮಳೆಗಳು ಗುಡುಗು ಮಳೆಗಳು, ಅವು ಬರೋಕೆ ಬಿಸಿಲು ಬೇಕು, ಗಾಳಿ ಸುಮ್ಮನಾಗಿರ್ಬೇಕು. ಅದಕ್ಕೇ ಜೂನ್ ಜುಲೈಗಿಂತ ಮೇ, ಸೆಪ್ಟೆಂಬರ್, ಅಕ್ಟೋಬರಲ್ಲೇ ಇಲ್ಲಿ ಮಳೆ ಜಾಸ್ತಿ. ಹಾಗೇ ಮಳೆ ದಿನದ ಪ್ರಶ್ನೆಗೂ ಇದು ಉಪಯೋಗ, ಗಾಳಿ ಜೋರಿದ್ರೆ ದಿನಗಳು ಜಾಸ್ತಿ ಮಿಮೀ ಕಮ್ಮಿ.

ಹಿರಿಯರು ಇರೋ ಗ್ರೂಪಾದ್ರೆ ನಕ್ಷತ್ರದ ಲೆಕ್ಕ ಬಂದೇ ಬರುತ್ತೆ, ಬರ್ಲಿ ಬಿಡಿ, ಅದನ್ನೂ ಪಂದ್ಯಕ್ಕೆ ಸೇರಿಸಿ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲ ಜೋಳ, ಆದ್ರೆ ಆರಿದ್ರಾ ಇಲ್ದಿದ್ರೆ ದರಿದ್ರ, ಇವೆಲ್ಲ ಒಂದೊಂದು ಹದಿಮೂರು ಹದಿನಾಲ್ಕು ದಿನದ ಕಂತುಗಳು ತಾನೆ. ಮೃಗಶಿರಾ ಜೂನ್ 7, 8ರ ಸುಮಾರಿಗೆ ಹುಟ್ಟುತ್ತೆ, ಆರಿದ್ರಾ 21, 22ಕ್ಕೆ. "ಈ ಸಲ ಮೃಗಶಿರಾ ಜೋರಾ ಆರಿದ್ರಾ ಜೋರಾ" ಅಂತ ಒಂದು ಪ್ರಶ್ನೆ ಇಟ್ರೆ ಮಿಲಿಮೀಟರ್ ಗೊತ್ತಿಲ್ಲದ ಅಜ್ಜಿನೂ ಆಡ್ತಾರೆ. ಹೊಲ ಇರೋರು ಇಂಥ ಪ್ರಶ್ನೆಲಿ ಪೇಟೆಯವ್ರನ್ನ ಚೆನ್ನಾಗಿ ಬಗ್ಗುಬಡೀತಾರೆ. ಹುಟ್ಟೋ ದಿನ ಮಾತ್ರ ನಿಮ್ಮನೆ ಪಂಚಾಂಗ ನೋಡಿ ಮೊದಲೇ ಬರೆದ್ಹಾಕಿ, ಪಂಚಾಂಗಕ್ಕೂ ಪಂಚಾಂಗಕ್ಕೂ ಒಂದು ದಿನ ಫರಕ್ ಇರುತ್ತೆ.

ದುಡ್ಡು ಕಟ್ಟೋದು ಬೇಡ. ಹತ್ತು ರೂಪಾಯಿ ಆದ್ರೂ ಬೇಡ. ಮಳೆ ಮೇಲೆ ಜೂಜು ಹಳೇ ಚಟ, ಹಿಂದೆ ಕಲ್ಕತ್ತಾದ ಬಡಾಬಜಾರಲ್ಲಿ ಮಾಳಿಗೆಯ ಕೊಳವೆಯಿಂದ ಮಳೆ ನೀರು ಹರಿಯುತ್ತಾ ಇಲ್ವಾ ಅಂತ ಬಾಜಿ ಕಟ್ಟೋರು, ಅದು ಎಷ್ಟು ಹೆಚ್ಚಾಯ್ತು ಅಂದ್ರೆ 1897ರಲ್ಲಿ ಅದಕ್ಕಂತಾನೇ ಕಾನೂನು ತಂದು ನಿಲ್ಲಿಸ್ಬೇಕಾಯ್ತು. ಈಗಂತೂ 2025ರಲ್ಲಿ ಕೇಂದ್ರ ಸರ್ಕಾರ ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಗೆದ್ದವ್ರಿಗೆ ಒಂದು ತಿಂಗಳು ಗ್ರೂಪ್ ಡಿಪಿಲಿ ಅವ್ರ ಫೋಟೋ, ಮಳೆಗಾಲದ ನಾಲ್ಕೂ ತಿಂಗಳ ಒಟ್ಟು ಮಾರ್ಕ್ಸಲ್ಲಿ ಫಸ್ಟ್ ಬಂದವ್ರಿಗೆ ಒಂದು ಒಳ್ಳೇ ಕೊಡೆ, ಅಷ್ಟು ಸಾಕು. ಕೊನೇಲಿ ಬಂದವ್ರು ಮುಂದಿನ ತಿಂಗಳ ಫಾರ್ಮ್ ಮಾಡ್ಬೇಕು ಅಂತ ಇಟ್ರೆ ಅಡ್ಮಿನ್‌ಗೂ ಸ್ವಲ್ಪ ಉಸಿರು.

ಫಲಿತಾಂಶದ ದಿನ ಅವಸರ ಮಾಡ್ಬೇಡಿ. ತಿಂಗಳ ಕೊನೇ ದಿನ ಬೆಳಗ್ಗೆ ಎಂಟೂವರೆಗೆ ಲೆಕ್ಕ ಮುಗೀತು, ಆದ್ರೆ ಇಲಾಖೆ ಹಾಕಿದ ನಂಬರ್ ಒಂದೆರಡು ದಿನದಲ್ಲಿ ತಿದ್ದುಪಡಿ ಆಗೋದುಂಟು, ಹಾಗಾಗಿ ಮುಂದಿನ ತಿಂಗಳ 3ನೇ ತಾರೀಕು ಯಾವ ನಂಬರ್ ಇರುತ್ತೋ ಅದೇ ಫೈನಲ್ ಅಂತ ಇಟ್ಕೊಳ್ಳಿ. ದಿನಾ ಬೆಳಗ್ಗೆ ಯಾರಾದ್ರೂ ಒಬ್ರು ಆ ದಿನದ ನಂಬರ್ ಸ್ಕ್ರೀನ್‌ಶಾಟ್ ತೆಗೆದು ಶೀಟಿಗೆ ಹಾಕ್ತಿದ್ರೆ ಇನ್ನೂ ಒಳ್ಳೇದು, ತಿಂಗಳಿಡೀ ಗ್ರೂಪ್ ಬಿಸಿ ಇರುತ್ತೆ, ಜೊತೆಗೆ ಹಳೇ ದಿನದ ಲೆಕ್ಕ ವೆಬ್‌ಸೈಟಲ್ಲಿ ಹುಡುಕೋ ಗೋಳಿಲ್ಲ. ಇಬ್ರಿಗೆ ಸಮ ಮಾರ್ಕ್ಸು ಬಂದ್ರೆ ಮೊದಲು ಫಾರ್ಮ್ ಕಳಿಸಿದವ್ರು ಗೆದ್ದ ಹಾಗೆ, ಟೈಮು ಶೀಟಲ್ಲೇ ಇರುತ್ತೆ. ಮತ್ತೆ ಬೇರೆ ಊರಿನ ಕೇಂದ್ರದ ಲೆಕ್ಕ ಮಧ್ಯದಲ್ಲಿ ಎರಡು ಮೂರು ದಿನ ಬರದೇ ಹೋದ್ರೆ ಆ ಕೇಂದ್ರನ ಆ ತಿಂಗಳಿಗೆ ಪೂರ್ತಿ ಕೈಬಿಡಿ, ಅಂದಾಜು ತುಂಬಿಸೋಕೆ ಹೋಗ್ಬೇಡಿ, ಆ ಊರಿನವ್ರು ಗಲಾಟೆ ಮಾಡ್ತಾರೆ, ಮಾಡ್ಲಿ.